ಸ್ವಂತ ಜಮೀನಿನ ಮಣ್ಣಿನ ಏರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಸ್ವಂತ ಜಮೀನಿನಲ್ಲಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿಕೊಂಡವರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಉತ್ತರಗಳು ಐದಾರು ಮೀಟರ್ ಎತ್ತರದೊಳಗಿನ ಏರಿಗಳನ್ನು ಗಮನದಲ್ಲಿಟ್ಟು ಬರೆದವು. ನಿಮ್ಮದು ಅದಕ್ಕಿಂತ ಎತ್ತರದ್ದಾದರೆ, ಇಲ್ಲವೇ ಕೆಳಗಡೆ ಮನೆಗಳಿದ್ದರೆ, ಇದನ್ನು ಓದಿದ ಮೇಲೂ ಮಣ್ಣಿನ ಅಣೆಕಟ್ಟು ಬಲ್ಲ ಎಂಜಿನಿಯರರನ್ನು ಕರೆಸಿ ತೋರಿಸಲೇಬೇಕು.

ಪ್ರಶ್ನೆ: ನಾಲ್ಕೂವರೆ ಮೀಟರ್ ಎತ್ತರದ ಏರಿ, ಕಟ್ಟಿ ಹನ್ನೆರಡು ವರ್ಷವಾಯಿತು. ಈ ಸಲ ನೀರು ತುಂಬಿದ ಮೇಲೆ ಹೊರಬದಿಯ ಬುಡದಲ್ಲಿ ಒಂದು ಕಡೆ ಸದಾ ತೇವ. ಒಂದು ಜಾಗದಲ್ಲಿ ನೀರು ಸಣ್ಣಗೆ ಹರಿಯುತ್ತಲೂ ಇದೆ. ಸಿಮೆಂಟ್ ಗಾರೆ ಬಡಿದು ಮುಚ್ಚಿಬಿಡಲೇ?

ಮುಚ್ಚಬೇಡಿ. ಮಣ್ಣಿನ ಏರಿ ಎಂದ ಮೇಲೆ ಅಷ್ಟೋ ಇಷ್ಟೋ ನೀರು ಬಸಿದೇ ಬಸಿಯುತ್ತದೆ. ಹೊರಬಾಯಿಗೆ ಗಾರೆ ಬಡಿದರೆ ಬಸಿಯುವ ನೀರು ಏರಿಯ ಹೊಟ್ಟೆಯೊಳಗೇ ನಿಂತು ಮಟ್ಟ ಏರುತ್ತದೆ. ಹೊರ ಇಳಿಜಾರು ನೆನೆದು ಮೆತ್ತಗಾಗಿ ಒಂದು ದಿನ ಜಾರುತ್ತದೆ, ಇಲ್ಲವೇ ನೀರು ಪಕ್ಕದಲ್ಲೇ ಇನ್ನೊಂದು ದಾರಿ ಹುಡುಕಿಕೊಳ್ಳುತ್ತದೆ. ನೀರು ಹೋದರೆ ಹೋಗಲಿ, ಅದರ ಜೊತೆ ಮಣ್ಣು ಹೋಗಬಾರದು. ನೀವು ಮಾಡುವ ದುರಸ್ತಿಯೆಲ್ಲ ಈ ಲೆಕ್ಕಕ್ಕೆ ಹೊಂದಬೇಕು.

ಮೊದಲು ಮಣ್ಣು ಹೋಗುತ್ತಿದೆಯೇ ಎಂದು ನೋಡಿ. ಬಿಳಿ ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು, ಅಲುಗಾಡಿಸದೆ ಒಂದೆರಡು ಗಂಟೆ ಇಡಿ. ನೀರು ತಿಳಿಯಾಗಿದ್ದು ತಳದಲ್ಲಿ ಏನೂ ಕೂರದಿದ್ದರೆ ಇವತ್ತಿನ ಮಟ್ಟಿಗೆ ಸರಿ. ತಳದಲ್ಲಿ ತೆಳ್ಳನೆ ಪದರ ಕಂಡರೂ ಏರಿಯೊಳಗಿನ ಮಣ್ಣು ಹೊರಬರುತ್ತಿದೆ ಎಂದೇ ಅರ್ಥ. ಬಾಟಲಿಯ ಮೇಲೆ ದಿನಾಂಕ ಬರೆದು ಎತ್ತಿಡಿ, ಮುಂದಿನ ವಾರದ ಬಾಟಲಿಯ ಪಕ್ಕದಲ್ಲಿಟ್ಟು ಹೋಲಿಸಲು ಬೇಕಾಗುತ್ತದೆ.

ಆಮೇಲೆ ಪ್ರಮಾಣ. ಏರಿಯ ಬುಡವನ್ನೇ ಅಗೆಯದೆ, ಎರಡು ಮೂರು ಮೀಟರ್ ಆಚೆ, ಬಸಿದ ನೀರೆಲ್ಲ ಒಂದು ಪೈಪಿನ ತುಂಡಿನಿಂದ ಬೀಳುವಂತೆ ಪುಟ್ಟ ಮಣ್ಣಿನ ತಡೆ ಮಾಡಿ. ಹತ್ತು ಲೀಟರ್ ಬಕೆಟ್ ತುಂಬಲು 40 ಸೆಕೆಂಡ್ ಹಿಡಿದರೆ ನಿಮಿಷಕ್ಕೆ 15 ಲೀಟರ್. ಬಕೆಟ್ಟಿಗೆ ನಿಲುಕದಷ್ಟು ಹರಿವಿದ್ದರೆ ತಗಡಿನಲ್ಲಿ ಸರಿಯಾಗಿ 90 ಡಿಗ್ರಿಯ ‘ವಿ’ ಆಕಾರದ ಕೊರೆ ಕತ್ತರಿಸಿ ಅಡ್ಡ ನಿಲ್ಲಿಸಿ. ಕೊರೆಯ ಕೆಳತುದಿಯಿಂದ ಮೇಲಕ್ಕೆ ನೀರು 5 ಸೆಂಟಿಮೀಟರ್ ನಿಂತರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್, 10 ಸೆಂಟಿಮೀಟರ್ ನಿಂತರೆ ಸುಮಾರು 4.4 ಲೀಟರ್. ಎತ್ತರವನ್ನು ಕೊರೆಯ ಬಾಯಲ್ಲೇ ಅಳೆಯಬೇಡಿ, ಅಲ್ಲಿ ನೀರು ಬಾಗಿರುತ್ತದೆ. ಅರ್ಧ ಮೀಟರ್ ಹಿಂದೆ ಅಳೆಯಿರಿ. ಅಳತೆಯ ಜೊತೆಗೆ ಆ ದಿನದ ಕೆರೆಯ ನೀರಿನ ಮಟ್ಟ, ಮಳೆ ಬಂದಿತ್ತೇ ಎಂಬುದನ್ನೂ ಬರೆದಿಡಿ.

ಕೆರೆಯ ಮಟ್ಟ ಏರಿದಾಗ ಬಸಿಯುವುದು ಹೆಚ್ಚಿ, ಇಳಿದಾಗ ಕಡಿಮೆಯಾದರೆ ಅದು ಸಹಜ. ಮಟ್ಟ ಇದ್ದಷ್ಟೇ ಇದ್ದು ಹರಿವು ವಾರದಿಂದ ವಾರಕ್ಕೆ ಏರಿದರೆ ಒಳಗೆ ದಾರಿ ಅಗಲವಾಗುತ್ತಿದೆ. ಇದ್ದಕ್ಕಿದ್ದಂತೆ ನಿಂತುಹೋದರೆ ‘ಸರಿಹೋಯಿತು’ ಎಂದು ಸಮಾಧಾನಪಡುವವರೇ ಹೆಚ್ಚು. ಒಳಗಿನ ಬಿಲ ಕುಸಿದು ಸ್ವಲ್ಪ ಕಾಲ ಮುಚ್ಚಿಕೊಂಡಿರಬಹುದು, ಆಗಲೇ ಕಣ್ಣು ಹೆಚ್ಚು ಬೇಕು.

ನೀರು ಚಿಮ್ಮುವ ಜಾಗದ ಹತ್ತಿರ ಕೂತು ನೋಡಿ. ನಡುವೆ ಸಣ್ಣ ಮರಳಿನ ಕಣಗಳು ಕುದಿಯುವಂತೆ ಮೇಲೆ ಕೆಳಗೆ ಆಡುತ್ತಿದ್ದು, ಸುತ್ತಲೂ ಇರುವೆ ಗೂಡಿನ ಬಾಯಿಯ ಹಾಗೆ ನುಣ್ಣನೆ ಮರಳಿನ ದಿಣ್ಣೆ ಎದ್ದಿದ್ದರೆ ಒಳಗೆ ಕೊರೆತ ಶುರುವಾಗಿದೆ. ಕೊರೆತ ಹೊರಗಿನಿಂದ ಒಳಕ್ಕೆ ಸಾಗುತ್ತದೆ: ಬುಡದಲ್ಲಿ ಮೊದಲ ಕಣ ಜಾರಿ, ಅದರ ಹಿಂದಿನದಕ್ಕೆ ಆಸರೆ ತಪ್ಪಿ, ಹಾಗೆಯೇ ಹಿಂದಕ್ಕೆ ಹಿಂದಕ್ಕೆ ಬಿಲ ಕೆರೆಯವರೆಗೆ ಬೆಳೆಯುತ್ತದೆ. ಕೆರೆಯನ್ನು ಮುಟ್ಟಿದ ಮೇಲೆ ಕೆಲವೇ ಗಂಟೆಗಳ ಕಾಲಾವಕಾಶ. 1976ರ ಜೂನ್ 5ರಂದು ಅಮೆರಿಕದ ಇಡಾಹೊ ರಾಜ್ಯದ ಟೀಟನ್ ಮಣ್ಣಿನ ಅಣೆಕಟ್ಟಿನಲ್ಲಿ ಬೆಳಿಗ್ಗೆ ಕೆಸರು ನೀರು ಕಂಡಿತು, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಅಣೆಕಟ್ಟು ಒಡೆಯಿತು. ಅದು ತೊಂಬತ್ತು ಮೀಟರಿಗೂ ಎತ್ತರದ್ದು. ನಿಮ್ಮದಕ್ಕೆ ಅಷ್ಟು ಹೊತ್ತೂ ಬೇಡ.

ತಿಳಿನೀರು ಬಸಿಯುವ ಜಾಗಕ್ಕೆ ಶೋಧಕ ಹಾಸು, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಪದರಗಳನ್ನು ಹಾಕಿ. ಹುಲ್ಲು, ಬೇರು ಕೆರೆದು ತೆಗೆದು, ತೇವದ ಗಡಿಯಿಂದ ಒಂದೆರಡು ಮೀಟರ್ ಆಚೆಯವರೆಗೂ 30 ಸೆಂಟಿಮೀಟರ್ ದಪ್ಪಕ್ಕೆ ತೊಳೆದ ಕಾಂಕ್ರೀಟ್ ಮರಳು, ಅದರ ಮೇಲೆ 15ರಿಂದ 20 ಸೆಂಟಿಮೀಟರ್ ಸಣ್ಣ ಜಲ್ಲಿ, ಮೇಲೆ 40 ಮಿಲಿಮೀಟರ್ ಜಲ್ಲಿ, ಕೊನೆಗೆ ಭಾರಕ್ಕೆ ಕಲ್ಲು. ಈ ಕ್ರಮ ತಪ್ಪಬಾರದು. ದೊಡ್ಡ ಕಲ್ಲನ್ನು ನೇರವಾಗಿ ಮಣ್ಣಿನ ಮೇಲೆ ಸುರಿದರೆ ಸಂದುಗಳಲ್ಲಿ ಮಣ್ಣು ನುಸುಳಿ ಹೋಗುತ್ತಲೇ ಇರುತ್ತದೆ, ಮೇಲಿನಿಂದ ನೋಡಿದರೆ ಮಾತ್ರ ಕೆಲಸ ಮುಗಿದಂತೆ ಕಾಣುತ್ತದೆ. ಕ್ರಷರ್ ಪುಡಿ ತುಂಬಿದ ಮರಳೂ ಬೇಡ, ಅದು ನೀರನ್ನೇ ಹಿಡಿದು ನಿಲ್ಲಿಸುತ್ತದೆ.

ಮರಳು ಕುದಿಯುವ ಬುಗ್ಗೆಗೆ ತುರ್ತಾಗಿ ಮಾಡಬೇಕಾದ್ದು ಬೇರೆ. ಸುತ್ತಲೂ ಮರಳು ಮೂಟೆಗಳನ್ನು ಉಂಗುರದಂತೆ ಜೋಡಿಸಿ, ಒಳಗೆ ನೀರು ನಿಲ್ಲಲು ಬಿಡಿ. ನಿಂತ ನೀರಿನ ಭಾರಕ್ಕೆ ಹರಿವಿನ ರಭಸ ತಗ್ಗುತ್ತದೆ. ಹೊರಬೀಳುವ ನೀರು ತಿಳಿಯಾಗುವಷ್ಟು ಎತ್ತರಕ್ಕೆ ಮಾತ್ರ ಮೂಟೆ ಏರಿಸಿ, ಪೂರ್ತಿ ನಿಲ್ಲಿಸಲು ಹೋಗಬೇಡಿ. ಅದೇ ಹೊತ್ತಿಗೆ ಕೆರೆಯ ನೀರು ಇಳಿಸಲು ಶುರುಮಾಡಿ.

ಪ್ರಶ್ನೆ: ಕೋಡಿ ಹರಿದಾಗ ಮೀನು ಕೊಚ್ಚಿಹೋಗುತ್ತವೆಂದು ಅಡ್ಡಲಾಗಿ ಬಲೆ ಕಟ್ಟಿದ್ದೇವೆ. ಬೇಸಿಗೆಗೆ ಒಂದಿಷ್ಟು ಹೆಚ್ಚು ನೀರು ಉಳಿಯಲೆಂದು ಕೋಡಿಯ ಮೇಲೆ 40 ಸೆಂಟಿಮೀಟರ್ ಮೂಟೆ ಜೋಡಿಸುವ ಯೋಚನೆಯಿದೆ. ಏರಿಯ ನೆತ್ತಿ ಕೋಡಿಗಿಂತ ಒಂದು ಮೀಟರ್ ಎತ್ತರದಲ್ಲಿದೆ. ತೊಂದರೆಯಿಲ್ಲ ತಾನೆ?

ಎರಡೂ ಬೇಡ. ಈ ಕಂತಿನ ಪ್ರಶ್ನೆಗಳಲ್ಲಿ ನಮ್ಮನ್ನು ಹೆಚ್ಚು ಕಂಗೆಡಿಸಿದ್ದು ಇದೇ.

ಕಲ್ಲು ಕಟ್ಟಡದ ಮೇಲೆ ನೀರು ಉಕ್ಕಿದರೆ ಅದು ತಡೆದೀತು. ಮಣ್ಣಿನ ಏರಿಯ ಮೇಲೆ ಹೊರಳಿದರೆ ಹೊರ ಇಳಿಜಾರನ್ನು ಕೊಚ್ಚುತ್ತಾ ಹಿಂದಕ್ಕೆ ಬಂದು ನೆತ್ತಿಯನ್ನೇ ಕತ್ತರಿಸುತ್ತದೆ. ಏರಿಯ ಪ್ರಾಣ ಇರುವುದು ಕೋಡಿಯಲ್ಲಿ.

ಲೆಕ್ಕ ನೋಡಿ. ಅಗಲವಾದ ಕೋಡಿಯಲ್ಲಿ ಒಂದು ಮೀಟರ್ ಅಗಲಕ್ಕೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಹರಿಯುತ್ತದೆಂದು ತಿಳಿಯಲು, ನೀರಿನ ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲದಿಂದ ಅದನ್ನೇ ಗುಣಿಸಿ, ಬಂದದ್ದನ್ನು 1.7ರಿಂದ ಗುಣಿಸಬೇಕು. ಒಂದು ಮೀಟರ್ ಆಳಕ್ಕೆ 1.7 ಘನ ಮೀಟರ್. ಮೂಟೆ ಜೋಡಿಸಿದ ಮೇಲೆ ಉಳಿಯುವ 60 ಸೆಂಟಿಮೀಟರಿಗೆ 0.79. ಎತ್ತರ ಕಳೆದುಕೊಂಡದ್ದು ನೂರಕ್ಕೆ ನಲವತ್ತು, ಸಾಗಿಸುವ ಶಕ್ತಿ ಕಳೆದುಕೊಂಡದ್ದು ಅರ್ಧಕ್ಕೂ ಹೆಚ್ಚು. ಅದೂ ನೀರು ನೆತ್ತಿಯ ಅಂಚಿಗೆ ಮುಟ್ಟುವ ತನಕದ ಲೆಕ್ಕ. ಗಾಳಿಗೆ ಏಳುವ ಅಲೆಗೆ, ಕಾಲಕ್ರಮದಲ್ಲಿ ಕುಸಿದ ನೆತ್ತಿಗೆ ಜಾಗ ಬಿಟ್ಟೇ ಇಲ್ಲ. ಮಹಾಪೂರದ ಮಟ್ಟಕ್ಕೂ ನೆತ್ತಿಗೂ ನಡುವೆ ಕನಿಷ್ಠ 60 ಸೆಂಟಿಮೀಟರ್ ಖಾಲಿ ಇರಬೇಕು. ಹಾಗೆ ನೋಡಿದರೆ ಮೂಟೆ ಇಟ್ಟ ಕೋಡಿಗೆ ಹರಿಯಲು ಉಳಿದದ್ದು ಸೊನ್ನೆ.

ಈಗಿರುವ ಕೋಡಿಯೇ ಸಾಕೇ ಎಂದೂ ನೋಡಿಕೊಳ್ಳಿ. ಜಲಾನಯನದ ವಿಸ್ತೀರ್ಣ 20 ಹೆಕ್ಟೇರ್, ಬಿದ್ದ ಮಳೆಯಲ್ಲಿ ಅರ್ಧ ಹರಿದುಬರುವ ನೆಲ, ಜೋರು ಮಳೆ ಗಂಟೆಗೆ 100 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 2.8 ಘನ ಮೀಟರ್ ಬರುತ್ತದೆ. ಕೋಡಿಯಲ್ಲಿ 30 ಸೆಂಟಿಮೀಟರ್ ಆಳ ಹರಿದರೆ ಸಾಕು ಎನ್ನುವುದಾದರೆ ಹತ್ತು ಮೀಟರ್ ಅಗಲ ಬೇಕು. ಅರ್ಧ ಮೀಟರ್ ಆಳಕ್ಕೆ ಸುಮಾರು ಐದು ಮೀಟರ್ ಸಾಕು, ಆದರೆ ರಭಸ ಹೆಚ್ಚಾಗಿ ಹುಲ್ಲಿನ ಕೋಡಿ ಕೊರೆದುಹೋಗುವ ಭಯ. ಜಾಗವಿದ್ದರೆ ಅಗಲವನ್ನೇ ಆರಿಸಿಕೊಳ್ಳಿ. ಮಳೆಯ ಅಂಕಿಯನ್ನು ನಿಮ್ಮ ಕಡೆಯ ಹವಾಮಾನ ದಾಖಲೆಯಿಂದಲೇ ತೆಗೆದುಕೊಳ್ಳಬೇಕು, ನೆನಪಿನಿಂದಲ್ಲ.

ಇನ್ನು ಬಲೆ. ಪ್ರವಾಹದ ಮೊದಲ ಗಂಟೆಯಲ್ಲಿ ಬರುವುದೆಲ್ಲ ಎಲೆ, ಕಡ್ಡಿ, ಕಳೆ, ಪ್ಲಾಸ್ಟಿಕ್. ಅದೆಲ್ಲ ಬಲೆಗೆ ಸಿಕ್ಕಿ ನಿಮಿಷಗಳಲ್ಲಿ ಗೋಡೆಯಾಗುತ್ತದೆ. 1889ರ ಮೇ 31ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಡೆದ ಸೌತ್ ಫೋರ್ಕ್ ಅಣೆಕಟ್ಟು ಸಿರಿವಂತರ ಕ್ಲಬ್ಬೊಂದರ ಖಾಸಗಿ ಮಣ್ಣಿನ ಏರಿ. ಮೀನು ಹೋಗದಿರಲೆಂದು ಅದರ ಕೋಡಿಗೂ ಜಾಲರಿ ಹಾಕಿದ್ದರು, ತಳದ ತೂಬಿನ ಕೊಳವೆಗಳು ಆಗಲೇ ಕಿತ್ತುಹೋಗಿದ್ದವು, ನೆತ್ತಿಯನ್ನೂ ತಗ್ಗಿಸಲಾಗಿತ್ತು. ಕೆಳಗಿನ ಜಾನ್ಸ್‌ಟೌನ್ ಪಟ್ಟಣದ ಕಡೆ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತರು. ಮೀನು ಉಳಿಸಿಕೊಳ್ಳಲೇಬೇಕೆಂದರೆ ಕೆರೆಯೊಳಗೇ, ಕೋಡಿಯಿಂದ ದೂರದಲ್ಲಿ, ಪಂಜರದಲ್ಲಿ ಸಾಕಿ.

ಪ್ರಶ್ನೆ: ಏರಿಯ ಮೇಲೆ ಮರಗಳು ದಟ್ಟವಾಗಿ ಬೆಳೆದಿವೆ. ಬೇರು ಮಣ್ಣು ಹಿಡಿದಿಡುತ್ತದೆ ಎಂದು ಹಿರಿಯರು, ಕಡಿದುಹಾಕಿ ಎಂದು ಇನ್ನೊಬ್ಬರು.

ಬದುಕಿರುವ ಬೇರು ಮಣ್ಣು ಹಿಡಿಯುವುದು ನಿಜ. ಮರ ಸತ್ತ ಮೇಲೆ ಅದೇ ಬೇರು ಕೊಳೆತು ಏರಿಯೊಳಗೆ ಕೊಳವೆಗಳಾಗುತ್ತವೆ. ಬಿರುಗಾಳಿಗೆ ಮರ ಉರುಳಿದರೆ ಬುಡದ ಮಣ್ಣಿನ ಗಡ್ಡೆಯನ್ನೂ ಕಿತ್ತುಕೊಂಡು ಬೀಳುತ್ತದೆ, ಮೂರು ಮೀಟರ್ ಅಗಲದ ನೆತ್ತಿಯಲ್ಲಿ ಅರ್ಧ ಅಲ್ಲೇ ಹೋಯಿತು. ನೆರಳಿಗೆ ಹುಲ್ಲು ಬೆಳೆಯದೆ ಮಳೆಗೆ ಮೈ ಕೊರೆಯುತ್ತದೆ. ಪೊದೆಯಡಿಯ ಬಿಲವೂ ಜಿನುಗೂ ಕಣ್ಣಿಗೆ ಬೀಳುವುದಿಲ್ಲ.

ಹಾಗೆಂದು ನಾಳೆಯೇ ಗರಗಸ ಹಿಡಿದು ಎಲ್ಲವನ್ನೂ ಕಡಿಯಬೇಡಿ. ದೊಡ್ಡ ಮರ ಕಡಿದು ಬುಡ ಬಿಟ್ಟರೆ ಕೊಳೆಯುವ ಗಡಿಯಾರವನ್ನು ನೀವೇ ಚಾಲೂ ಮಾಡಿದಂತೆ. ತೋಳಿನಷ್ಟು ದಪ್ಪದೊಳಗಿನವನ್ನು ನೆಲಮಟ್ಟಕ್ಕೆ ಕಡಿದು, ಚಿಗುರದಂತೆ ನೋಡಿಕೊಂಡರೆ ಸಾಕು. ದೊಡ್ಡವನ್ನು ಕೆರೆಯ ನೀರು ತಳಕಂಡಾಗ ಬೇರಿನ ಗಡ್ಡೆ ಸಮೇತ ಕಿತ್ತು, ಗುಂಡಿಯ ಬದಿಗಳನ್ನು ಇಳಿಜಾರಾಗಿ ಕೆತ್ತಿ, ಏರಿಯ ಮಣ್ಣಿನಂಥದೇ ಮಣ್ಣನ್ನು 15 ಸೆಂಟಿಮೀಟರ್ ಪದರಗಳಲ್ಲಿ ಹಾಕಿ ದಮ್ಮಸ್ಸು ಮಾಡಬೇಕು. ಹೊರಬದಿಯ ಬುಡದ ಮರ ಕಿತ್ತ ಗುಂಡಿಗೆ ಮೊದಲು ಮರಳಿನ ಶೋಧಕ ಬೇಕಾಗಬಹುದು, ಅದನ್ನು ಎಂಜಿನಿಯರ್ ನೋಡಿಯೇ ಹೇಳಬೇಕು. ಏರಿಯ ಬುಡದಿಂದ ಏಳೆಂಟು ಮೀಟರ್ ಆಚೆಯವರೆಗೂ ಹೊಸ ಗಿಡ ನೆಡಬೇಡಿ. ಏರಿಗೆ ಬೇಕಾದ್ದು ಹರಡುವ ಗಿಡ್ಡ ಹುಲ್ಲು.

ಪ್ರಶ್ನೆ: ಬೇಸಿಗೆಯಲ್ಲಿ ನೆತ್ತಿಯ ಮೇಲೆ ಬಿರುಕು ಕಾಣುತ್ತವೆ. ಯಾವುದಕ್ಕೆ ಹೆದರಬೇಕು?

ದಿಕ್ಕು ನೋಡಿ. ಜೇಡಿಮಣ್ಣು ಒಣಗಿ ಜಾಲದಂತೆ ಎಲ್ಲ ಕಡೆಗೂ ಬಿಟ್ಟ ಬಿರುಕು ಸಾಮಾನ್ಯವಾಗಿ ಮೇಲ್ಮೈಯದು. ನೆತ್ತಿಗೆ 20ರಿಂದ 30 ಸೆಂಟಿಮೀಟರ್ ಗರಸು ಹೊದಿಸಿದರೆ ಹತೋಟಿಗೆ ಬರುತ್ತದೆ. ಕಪ್ಪು ಮಣ್ಣಿನ ಏರಿಯಾದರೆ ಮಾತ್ರ ಆಳ ಅಳೆಯದೆ ಬಿಡಬೇಡಿ.

ಏರಿಗೆ ಅಡ್ಡಲಾಗಿ, ಕೆರೆಯ ಕಡೆಯಿಂದ ಹೊರಗಡೆಗೆ ಹೋದ ಬಿರುಕು ಅಪಾಯಕಾರಿ. ನೀರಿನ ಮಟ್ಟ ಅಲ್ಲಿಗೆ ಮುಟ್ಟಿದ ದಿನ ಅದೇ ಕಾಲುವೆ. ಏರಿ ದಿಣ್ಣೆಗೆ ಕೂಡುವ ಎರಡೂ ಕೊನೆಗಳಲ್ಲಿ, ತೂಬಿನ ನೇರಕ್ಕೆ ಮೇಲ್ಗಡೆ ಇದು ಹೆಚ್ಚು, ಏಕೆಂದರೆ ಅಲ್ಲಿ ಮಣ್ಣು ಒಂದೇ ಸಮನೆ ಕುಸಿದು ಕೂರುವುದಿಲ್ಲ.

ಏರಿಯ ಉದ್ದಕ್ಕೆ ಹೋದ ಬಿರುಕಿನ ಒಂದು ಅಂಚು ಇನ್ನೊಂದಕ್ಕಿಂತ ತಗ್ಗಾಗಿದ್ದು, ಕೆಳಗೆ ಬುಡದಲ್ಲಿ ಮಣ್ಣು ಉಬ್ಬಿದ್ದರೆ ಇಳಿಜಾರು ಜಾರಲು ಹೊರಟಿದೆ. ಎರಡೂ ಕಡೆ ಗೂಟ ಹೊಡೆದು ನಡುವಿನ ಅಂತರವನ್ನು ದಿನವೂ ಅಳೆಯಿರಿ, ಮಳೆ ನೀರು ಇಳಿಯದಂತೆ ತಾಡಪತ್ರಿ ಹೊದಿಸಿ, ಎಂಜಿನಿಯರರನ್ನು ಕರೆಸಿ. ಅಂಥ ಜಾಗದ ಮೇಲೆ ಟ್ರ್ಯಾಕ್ಟರ್ ಓಡಿಸುವುದು ಬೇಡ.

ದುರಸ್ತಿಗೆ ಮೊದಲು ಬಿರುಕಿಗೆ ಸುಣ್ಣದ ತಿಳಿ ಸುರಿಯಿರಿ. ಅಗೆದಂತೆ ಬಿಳಿ ಗೆರೆ ಎಲ್ಲಿಯವರೆಗೆ ಕಾಣುತ್ತದೋ ಅಲ್ಲಿಂದ ಇನ್ನೂ 30 ಸೆಂಟಿಮೀಟರ್ ಆಳಕ್ಕೆ ಹೋಗಿ, ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡಿ. ಬಾಯಿಗೆ ಮಾತ್ರ ಮಣ್ಣು ಮೆತ್ತಿದರೆ ಬಿರುಕು ಅಲ್ಲೇ ಇರುತ್ತದೆ, ನಿಮಗೆ ಕಾಣುವುದಿಲ್ಲ ಅಷ್ಟೆ.

ನೆತ್ತಿಯ ಮೇಲಿದ್ದಾಗಲೇ ಪಾರದರ್ಶಕ ಲೆವೆಲ್ ಟ್ಯೂಬ್ ಹಿಡಿದು ಒಂದು ಕೊನೆಯಿಂದ ಇನ್ನೊಂದಕ್ಕೆ ಐದೈದು ಮೀಟರಿಗೆ ಮಟ್ಟ ನೋಡಿ. ದನ ಹಾಯುವ ದಾರಿ, ಗಾಡಿ ತಿರುಗುವ ಜಾಗ ಎಷ್ಟು ತಗ್ಗಾಗಿರುತ್ತದೆಂದು ತಿಳಿದರೆ ಗಾಬರಿಯಾಗುತ್ತದೆ. ನೀರು ಹೊರಳುವುದು ಆ ತಗ್ಗಿನಲ್ಲೇ.

ಪ್ರಶ್ನೆ: ತೂಬಿನ ವಾಲ್ವ್ ಬಿಗಿಯಾಗಿ ಮುಚ್ಚಿದರೂ ಹೊರಬಾಯಲ್ಲಿ ನೀರು ಬರುತ್ತಿದೆ.

ಬಾಯಿ ಒರೆಸಿ ನೋಡಿ, ನೀರು ಕೊಳವೆಯ ಒಳಗಿನಿಂದಲೋ ಹೊರಮೈ ಸುತ್ತಲಿನಿಂದಲೋ. ವಾಲ್ವ್ ಕೆರೆಯ ಕಡೆಯಲ್ಲಿದ್ದು ಒಳಗಿನಿಂದ ಬಂದರೆ ವಾಲ್ವ್ ಸವೆದಿರಬಹುದು, ಇಲ್ಲವೇ ಏರಿಯ ನಡುವೆ ಕೊಳವೆ ತೂತಾಗಿರಬಹುದು. ಜೊತೆಗೆ ಮಣ್ಣು ಬಂದರೆ ತೂತೇ. ವಾಲ್ವ್ ಹೊರಬಾಯಲ್ಲಿ ಮಾತ್ರ ಇದ್ದರೆ ಸಂಕಟ ಹೆಚ್ಚು: ಕೊಳವೆಯಲ್ಲಿ ವರ್ಷವಿಡೀ ಒತ್ತಡದ ನೀರಿರುತ್ತದೆ, ತೂತಾದರೆ ಅದು ನೇರ ಏರಿಯ ಹೊಟ್ಟೆಗೆ ನುಗ್ಗುತ್ತದೆ. ತುಕ್ಕು ಹಿಡಿದ ಹಳೆಯ ಉಕ್ಕಿನ ಕೊಳವೆಯೊಳಗೆ ಸಣ್ಣ ವ್ಯಾಸದ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪ್ ತೂರಿಸಿ, ಎರಡರ ನಡುವಿನ ಸಂದಿಗೆ ಸಿಮೆಂಟ್ ಗ್ರೌಟ್ (ತೆಳು ಸಿಮೆಂಟ್ ಕಲಸು) ತುಂಬುವುದು ಸಾಮಾನ್ಯ ಪರಿಹಾರ. ಹರಿವು ಎಷ್ಟು ಕಡಿಮೆಯಾಗುತ್ತದೆಂದು ಮೊದಲೇ ಲೆಕ್ಕ ಹಾಕಿಸಿ.

ಹೊರಮೈ ಸುತ್ತಲಿನಿಂದ ಬಂದರೆ ಕೊಳವೆಯ ಪಕ್ಕದ ಮಣ್ಣು ಸರಿಯಾಗಿ ಕೂತಿಲ್ಲ. ದುಂಡು ಕೊಳವೆಯ ಅಡಿಭಾಗಕ್ಕೆ ದಮ್ಮಸ್ಸಿನ ಕೋಲು ತಲುಪುವುದೇ ಇಲ್ಲ, ಅಲ್ಲಿ ಸಡಿಲ ಉಳಿಯುತ್ತದೆ. ಹಿಂದೆ ಇದಕ್ಕೆ ಕೊಳವೆಯ ಸುತ್ತ ಬಳೆಯಂತೆ ಕಾಂಕ್ರೀಟ್ ಕಾಲರ್ ಕಟ್ಟುತ್ತಿದ್ದರು. ಕಾಲರ್ ಪಕ್ಕದಲ್ಲೇ ದಮ್ಮಸ್ಸು ಇನ್ನೂ ಕಷ್ಟವೆಂದು ಈಗ ಹೊರಬದಿಯ ಮೂರನೇ ಒಂದು ಭಾಗದಲ್ಲಿ ಕೊಳವೆಯನ್ನು ಸುತ್ತುವರಿದು ಮರಳಿನ ಶೋಧಕ ಹಾಕುವುದೇ ವಾಡಿಕೆ. ಇದು ಏರಿ ಅಗೆಯುವ ಕೆಲಸ, ನೀರು ಖಾಲಿ ಮಾಡದೆ ಮುಟ್ಟಬಾರದು.

ಪ್ರಶ್ನೆ: ಹೊಸ ಏರಿ ಹಾಕಿಸಬೇಕು. ನಮ್ಮ ಮಣ್ಣು ಆಗುತ್ತದೆಯೇ ಎಂದು ಮನೆಯಲ್ಲೇ ನೋಡುವುದು ಹೇಗೆ?

ಹೆಬ್ಬೆರಳ ಉಗುರಿಗಿಂತ ಸಣ್ಣ, ಒಣಗಿದ ಮಣ್ಣಿನ ಹೆಂಟೆಯನ್ನು ಮಳೆನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಬಿಡಿ, ಕಲಕಬೇಡಿ. ಹೆಂಟೆ ಕುಸಿದು ರಾಶಿಯಾದರೂ ಸುತ್ತಲಿನ ನೀರು ತಿಳಿಯಾಗಿದ್ದರೆ ಚಿಂತೆಯಿಲ್ಲ. ಹೆಂಟೆಯಿಂದ ಹಾಲಿನ ಬಣ್ಣದ ಮೋಡ ಹೊರಟು ತಳದುದ್ದಕ್ಕೂ ಹರಡಿದರೆ ಆ ಜೇಡಿ ನೀರಿನಲ್ಲಿ ತಾನಾಗಿಯೇ ಕರಗಿ ತೇಲುವ ಜಾತಿ. ಅಂಥ ಮಣ್ಣಿನ ಏರಿಯಲ್ಲಿ ಕೂದಲೆಳೆಯ ಬಿರುಕೂ ಬಿಲವಾಗುತ್ತದೆ. ಹತ್ತು ನಿಮಿಷವಾದ ಮೇಲೆ ಒಮ್ಮೆ, ಎರಡು ಗಂಟೆಯಾದ ಮೇಲೆ ಇನ್ನೊಮ್ಮೆ ನೋಡಿ. ಕೊಳವೆ ಬಾವಿಯ ಗಡಸು ನೀರು ಬಳಸಿದರೆ ಪರೀಕ್ಷೆ ಸುಳ್ಳು ಹೇಳುತ್ತದೆ. ಮೋಡ ಕಂಡರೆ ಬೇರೆ ಮಣ್ಣು ಹುಡುಕಿ, ಇಲ್ಲವೇ ಸುಣ್ಣ ಅಥವಾ ಜಿಪ್ಸಂ ಎಷ್ಟು ಬೆರೆಸಬೇಕೆಂದು ಪ್ರಯೋಗಾಲಯದಲ್ಲಿ ಕೇಳಿ.

ಹದಕ್ಕೆ, ಅಂಗೈಯಲ್ಲಿ ಮಣ್ಣನ್ನು ಪೆನ್ಸಿಲ್ ದಪ್ಪಕ್ಕೆ ಹೊಸೆಯಿರಿ. ಅಷ್ಟಕ್ಕೆ ಬಂದು ಆಮೇಲೆ ಬಿರಿಯತೊಡಗಿದರೆ ದಮ್ಮಸ್ಸಿಗೆ ಸರಿ. ಅದಕ್ಕೂ ಮೊದಲೇ ಪುಡಿಯಾದರೆ ನೀರು ಸಾಲದು, ಕೈಗೆ ಅಂಟುತ್ತಾ ದಾರದಷ್ಟು ತೆಳ್ಳಗಾದರೆ ಹೆಚ್ಚಾಯಿತು. ಮೇಲ್ಮಣ್ಣು, ಬೇರು ಕೆರೆದು ತೆಗೆಯುವುದು, ನೀರು ಬಿಡದ ಗಟ್ಟಿ ಪದರದೊಳಕ್ಕೆ ಅರ್ಧ ಮೀಟರಾದರೂ ಇಳಿಯುವಂತೆ ಅಡಿಗಂದಕ ತೋಡಿ ಜೇಡಿ ತುಂಬುವುದು, ಒಳ ಇಳಿಜಾರು ಮೂರಕ್ಕೊಂದು (ಮೂರು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಎತ್ತರ), ಹೊರಗಡೆಯದು ಎರಡೂವರೆಗೊಂದು, ನೆತ್ತಿಯ ಅಗಲ ಮೂರು ಮೀಟರ್: ಇಷ್ಟು ಬೇಕೇ ಬೇಕು. ಜೆಸಿಬಿ ಬಕೆಟ್ಟಿನಿಂದ ಬಡಿದರೆ, ಟ್ರ್ಯಾಕ್ಟರ್ ಓಡಾಡಿದರೆ ದಮ್ಮಸ್ಸಾಯಿತು ಎನ್ನುವ ಗುತ್ತಿಗೆದಾರರ ಮಾತು ನಂಬಬೇಡಿ, ರೋಲರ್ ಕೇಳಿ.

ಮೊದಲ ಸಲ ನೀರು ತುಂಬುವಾಗ ಸಾಧ್ಯವಿದ್ದಷ್ಟು ತಡೆದು ತಡೆದು ತುಂಬಿಸಿ, ಅರ್ಧಕ್ಕೆ ನಿಲ್ಲಿಸಿ ಬುಡ ನೋಡಿ, ಆಮೇಲೆ ಮುಂದಕ್ಕೆ. ಒಳಕೊರೆತದಿಂದ ಒಡೆಯುವ ಏರಿಗಳಲ್ಲಿ ಬಹಳಷ್ಟು ಒಡೆಯುವುದು ಈ ಮೊದಲ ತುಂಬುವಿಕೆಯಲ್ಲಿ, ಇಲ್ಲವೇ ಆರಂಭದ ಕೆಲವು ವರ್ಷಗಳಲ್ಲಿ.

ಪ್ರಶ್ನೆ: ಇಷ್ಟು ಸಣ್ಣ ಏರಿ ಒಡೆದರೆ ಯಾರಿಗೆ ಏನಾದೀತು? ಒಂದು ವೇಳೆ ನೀರು ಬೇಗ ಖಾಲಿ ಮಾಡಬೇಕಾದರೆ ಏರಿಯನ್ನೇ ಸ್ವಲ್ಪ ಕಡಿದರಾಯಿತಲ್ಲ?

1977ರ ನವೆಂಬರ್ 6ರ ನಡುರಾತ್ರಿಯ ನಂತರ ಅಮೆರಿಕದ ಜಾರ್ಜಿಯಾದಲ್ಲಿ ಒಡೆದ ಕೆಲ್ಲಿ ಬಾರ್ನ್ಸ್ ಏರಿಯ ಎತ್ತರ ಹತ್ತು ಹನ್ನೆರಡು ಮೀಟರ್ ಅಷ್ಟೆ, 39 ಮಂದಿ ಸತ್ತರು. 2018ರ ಮೇ 9ರಂದು ಕೆನ್ಯಾದ ಸೊಲಾಯಿಯಲ್ಲಿ ಒಡೆದ ಪಟೇಲ್ ಅಣೆಕಟ್ಟು ಖಾಸಗಿ ತೋಟದ ಏರಿ, ನಲವತ್ತಕ್ಕೂ ಹೆಚ್ಚು ಸಾವು. ಎರಡೂ ರಾತ್ರಿ ಹೊತ್ತು. ಎತ್ತರಕ್ಕಿಂತ ಕೆಳಗೆ ಯಾರು ಮಲಗಿದ್ದಾರೆ ಎಂಬುದೇ ಮುಖ್ಯ. ಹಳ್ಳದ ಎರಡೂ ದಡದ ಮನೆ, ಶೆಡ್ಡು, ರಸ್ತೆ ಸೇತುವೆಗಳನ್ನು ಕಾಗದದ ಮೇಲೆ ಬರೆದು, ಫೋನ್ ನಂಬರುಗಳನ್ನು ಕೈಗೆ ಸಿಗುವಂತೆ ಇಡಿ.

ಏರಿಯನ್ನು ಕಡಿಯಬೇಡಿ, ಕಡಿದ ಬಾಯಿ ನಿಮ್ಮ ಹತೋಟಿಯಲ್ಲಿ ನಿಲ್ಲುವುದಿಲ್ಲ. ತೂಬು ತೆರೆಯಿರಿ, ಪಂಪ್ ಹಚ್ಚಿ, ಸೈಫನ್ (ಒಮ್ಮೆ ನೀರು ತುಂಬಿದರೆ ತಾನಾಗಿಯೇ ನೀರೆಳೆಯುವ ಪೈಪ್) ಹಾಕಿ. ಏರಿಯ ಮೇಲೆ ಹಾಯಿಸಿದ 150 ಮಿಲಿಮೀಟರ್ ಪೈಪಿನ ಹೊರಬಾಯಿ ಕೆರೆಯ ಮಟ್ಟಕ್ಕಿಂತ ಮೂರು ಮೀಟರ್ ತಗ್ಗಿನಲ್ಲಿದ್ದರೆ ಸೆಕೆಂಡಿಗೆ ಸುಮಾರು 45 ಲೀಟರ್ ಸಾಗಿಸುತ್ತದೆ. ಎರಡೂ ಬಾಯಿಗೆ ವಾಲ್ವ್ ಹಾಕಿ ಮುಚ್ಚಿ, ನೆತ್ತಿಯ ಮೇಲಿನ ಟೀ ಜೋಡಣೆಯಿಂದ ನೀರು ತುಂಬಿ, ಅದನ್ನು ಬಿಗಿದು, ಆಮೇಲೆ ಎರಡನ್ನೂ ತೆರೆಯಬೇಕು. ಹೊರಬಾಯಿಯ ನೀರು ಏರಿಯ ಬುಡದಿಂದ ದೂರ, ಕಲ್ಲಿನ ಮೇಲೆ ಬೀಳಲಿ. ಒಂದು ಹೆಕ್ಟೇರ್ ನೀರಿನ ಹರವಿದ್ದರೆ ಮಟ್ಟ 30 ಸೆಂಟಿಮೀಟರ್ ಇಳಿಯಲು ಅಂಥ ಒಂದು ಪೈಪಿಗೆ ಸುಮಾರು ಹದಿನೆಂಟೂವರೆ ಗಂಟೆ. ಮಾಮೂಲಿ ದುರಸ್ತಿಗೆ ದಿನಕ್ಕೆ ಅಷ್ಟೇ ಸಾಕು. ಅದಕ್ಕಿಂತ ಬೇಗ ಇಳಿಸಿದರೆ ನೆನೆದು ಭಾರವಾದ ಒಳ ಇಳಿಜಾರಿಗೆ ನೀರಿನ ಆಸರೆ ತಪ್ಪಿ ಜಾರೀತು. ಕೆಸರು ನೀರು ನುಗ್ಗುತ್ತಿದ್ದರೆ ಆ ಮಿತಿ ನೋಡುತ್ತಾ ಕೂರಬೇಡಿ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಇಳಿಸಿ. ಆದರೆ ಮೊದಲ ಫೋನ್ ಕೆಳಗಿನ ಮನೆಗಳಿಗೆ ಹೋಗಲಿ.

ಪ್ರಶ್ನೆ: ಏಡಿ, ಹೆಗ್ಗಣದ ಬಿಲಗಳಿಗೆ ಕಲ್ಲು ತುರುಕಿದರೆ ಸಾಕೇ?

ಸಾಲದು. ಪ್ರಾಣಿ ಹೊರಟ ಮೇಲೆ ಬಿಲದ ಬಾಯಿಗೆ ಪೈಪ್ ತುಂಡೊಂದನ್ನು ನೆಟ್ಟಗೆ ನಿಲ್ಲಿಸಿ, ಸುತ್ತ ಮಣ್ಣು ಒತ್ತಿ, ಒಂಬತ್ತು ಪಾಲು ಮಣ್ಣಿಗೆ ಒಂದು ಪಾಲು ಸಿಮೆಂಟ್ ಬೆರೆಸಿದ ತೆಳು ಕೆಸರನ್ನು ಪೈಪಿನಲ್ಲಿ ಇಳಿಯುವುದು ನಿಲ್ಲುವವರೆಗೂ ಸುರಿಯಿರಿ. ಆಮೇಲೆ ಪೈಪ್ ತೆಗೆದು ಬಾಯಿಗೆ ಮಣ್ಣು ಬಡಿದು ಹುಲ್ಲು ಹಾಕಿ. ಏಡಿ ಹೆಚ್ಚಾಗಿ ಕೊರೆಯುವುದು ಒಳಬದಿಯಲ್ಲಿ, ನೀರಿನ ಅಂಚಿನಲ್ಲಿ. ಮಟ್ಟ ಇಳಿದ ಕೂಡಲೇ ಆ ಗೆರೆಯುದ್ದಕ್ಕೂ ಒಮ್ಮೆ ನಡೆದು ನೋಡಿ. ಗೆದ್ದಲಿನ ಹುತ್ತ ಏರಿಯ ಮೇಲಿದ್ದರೆ ಮೇಲಿನ ಗೋಪುರ ಒಡೆದರೆ ಪ್ರಯೋಜನವಿಲ್ಲ. ಒಳಗಿನ ಕೋಣೆಗಳವರೆಗೂ ಅಗೆದು, ಗುಂಡಿಯನ್ನು ಮರದ ಗುಂಡಿಯಂತೆಯೇ ಪದರ ಪದರವಾಗಿ ತುಂಬಬೇಕು.